ನಾನು ನೋಡಿ ಬಂದ ‘ಸಾವಿರ ಬೀಡಿ’

ನನ್ನ ಹೆಸರು ಚಿನ್ನಯ್ಯ. ಮನೆ ಕಕ್ಕಿಂಜೆ. ಬೆಳ್ತಂಗಡಿ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತಮೂರು ವರ್ಷ ಏಜೆಂಟನಾಗಿದ್ದೆ. ಏಜೆಂಟ್ ಅಂದ ಕೂಡಲೇ ದೊಡ್ಡ ಜನ ಅಂತ ಎಣಿಸಬೇಡಿ. ಲೈನ್ ಬಸ್ಸುಗಳ ಬಾಗಿಲಲ್ಲಿ ನಿಂತು ‘ಉಜಿರೆ, ಕಕ್ಕಿಂಜೆ, ಚಾರ್ಮಾಡಿ’ ಅಂತ ಬೊಬ್ಬೆ ಹೊಡೆಯುವುದು, ಜನ ಹತ್ತಿಸುವುದು, ಹಿಂದಿನ ಬಸ್ಸಿನವ ಮುಂದೆ ನುಗ್ಗಿದರೆ ಅವನ ಜನ್ಮ ಜಾಲಾಡುವುದು, ಇಷ್ಟೇ ಕೆಲಸ. ಹಾಗಾಗಿ ನನ್ನ ಬಾಯಿ ಜೋರು. ಕೋಪ ಮೂಗಿನ ತುದಿಯಲ್ಲಿ ಉಂಟು. ವಯಸ್ಸು ಅರವತ್ತೊಂಬತ್ತು ಆದರೂ ಅದು ಅಲ್ಲಿಂದ ಇಳಿದಿಲ್ಲ. ಈಗ ಹೇಳಲಿಕ್ಕೆ ಹೊರಟದ್ದು ನಾನು ಮಾಡಿದ ಒಂದು ಕೆಲಸದ ವಿಷಯ. ಹೇಳಲಿಕ್ಕೆ ನಾಚಿಕೆ ಆಗುತ್ತದೆ ಮಾರಾಯ್ರೆ, ಆದರೂ ಹೇಳುತ್ತೇನೆ.

ನಮ್ಮೂರಿನಲ್ಲಿ ಸ್ನೇಹ ಕಲಾ ಸಂಘ ಅಂತ ಒಂದುಂಟು. ವರ್ಷಕ್ಕೊಂದು ನಾಟಕ ಆಡಿಸುವುದು ಅವರ ಕ್ರಮ. ತಾವೇ ಬಣ್ಣ ಹಚ್ಚಿ ಆಡುವುದಲ್ಲ, ಹೊರಗಿನ ಒಂದು ತಂಡವನ್ನು ಕರೆಸಿ ಶಾಲೆಯ ಮೈದಾನದಲ್ಲಿ ಆಡಿಸುವುದು. ತಂಡಕ್ಕೆ ವೀಳ್ಯ ಕೊಟ್ಟು ದಿನ ಗಟ್ಟಿ ಮಾಡುವ ಮೊದಲು ಸಂಘದ ಪರವಾಗಿ ಒಬ್ಬ ಹೋಗಿ, ಆ ನಾಟಕ ಬೇರೆ ಊರಲ್ಲಿ ಆಗುವಾಗ ನೋಡಿ ಬರಬೇಕು. ಬಂದು ಕಮಿಟಿಯ ಎದುರು ನಿಂತು ನೋಡಬಹುದಾ ಬೇಡವಾ ಅಂತ ಹೇಳಬೇಕು. ಒಬ್ಬನೇ ಹೋಗಬೇಕು, ಎರಡು ಬಾಯಿ ಆದರೆ ಜಗಳ. ಶುರುವಿಗೆ ನನ್ನನ್ನು ಕಳಿಸಿದ್ದು ನನಗೆ ಕಲೆಯ ಜ್ಞಾನ ಉಂಟು ಅಂತ ಅಲ್ಲ. ಯಾವ ಲೈನಿನ ಬಸ್ಸಿನಲ್ಲೂ ನನಗೆ ಟಿಕೆಟ್ ಇಲ್ಲ, ಕಂಡಕ್ಟರುಗಳೆಲ್ಲ ನಮ್ಮವರು, ಆ ಕಾರಣಕ್ಕೆ. ಆಮೇಲೆ ನಾನು ‘ಆಗಬಹುದು’ ಅಂದ ನಾಟಕಗಳಿಗೆಲ್ಲ ಮೈದಾನ ತುಂಬಿತು. ಅಲ್ಲಿಗೆ ನನಗೆ ಕೊಂಬು ಬಂತು.

ಇಪ್ಪತ್ತೆರಡು ವರ್ಷ ಹೀಗೆ ನೋಡಿ ಬಂದಿದ್ದೇನೆ. ನನ್ನದೇ ನಿಯಮಗಳಿದ್ದವು. ಕೊನೆಯ ಸಾಲಿನಲ್ಲಿ ಕೂರುವುದು. ತಂಡದವರ ಚಹಾ ಮುಟ್ಟದಿರುವುದು. ಕಮಿಟಿಗೆ ಹೇಳುವವರೆಗೆ ಯಾರ ಹತ್ತಿರವೂ ತುಟಿ ಬಿಚ್ಚದಿರುವುದು. ಹೋಗಹೋಗುತ್ತಾ ಉಜಿರೆಯ ಸಂಘದವರು, ಬಂಟ್ವಾಳದ ಯುವಕ ಮಂಡಲದವರು ಕೂಡ ಫೋನ್ ಮಾಡಿ ‘ಚಿನ್ನಯ್ಯಣ್ಣ ಎಂತ ಹೇಳಿದರು?’ ಅಂತ ಕೇಳಲು ಶುರು ಮಾಡಿದರು. ಬಸ್ಸಿಗೆ ಜನ ಹತ್ತಿಸುತ್ತಿದ್ದವನಿಗೆ ಇದು ಸಣ್ಣ ಮರ್ಯಾದೆ ಅಲ್ಲ. ರಸ್ತೆಯಲ್ಲಿ ನಡೆಯುವಾಗ ನನ್ನ ಎದೆ ಸ್ವಲ್ಪ ಮುಂದೆಯೇ ಹೋಗುತ್ತಿತ್ತು.

ಇನ್ನು ಕಿವಿಯ ವಿಷಯ. ಮೂವತ್ತಮೂರು ವರ್ಷ ಏರ್ ಹಾರ್ನಿನ ಬುಡದಲ್ಲಿ ನಿಂತರೆ ಕಿವಿ ಉಳಿಯುತ್ತದಾ? ಮೊದಲು ಎಡಗಿವಿ ಹೋಯಿತು. ಐದು ವರ್ಷದಿಂದ ಬಲದ್ದೂ ಅರ್ಧ. ಎದುರಿಗೆ ಕುಳಿತು ತುಳುವಿನಲ್ಲಿ ಮಾತಾಡಿದರೆ ತುಟಿ ನೋಡಿ ತಿಳಿಯುತ್ತೇನೆ. ಕನ್ನಡದಲ್ಲಿ ಆದರೆ ಸ್ವಲ್ಪ ತಡೆಯುತ್ತದೆ. ಫೋನಿನಲ್ಲಿ ಸಾಧ್ಯವೇ ಇಲ್ಲ. ಫೋನು ಬಂದರೆ ನನ್ನ ಹೆಂಡತಿ ಪೂವಮ್ಮನೇ ಎತ್ತಿ ಮಾತಾಡುವುದು. ‘ಚಿನ್ನಯ್ಯಣ್ಣ ಈಗ ಫೋನಿಗೂ ಬರುವುದಿಲ್ಲ, ದೊಡ್ಡ ಜನ ಆಗಿದ್ದಾರೆ’ ಅಂತ ಊರಲ್ಲಿ ತಮಾಷೆ ಮಾಡಿದರು. ನಾನೂ ನಕ್ಕೆ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಜಂಬದವ ಅನ್ನಿಸಿಕೊಳ್ಳುವುದು ನನಗೆ ಸಸಾರ ಕಂಡಿತು.

ಪೂವಮ್ಮನಿಗೆ ಗೊತ್ತಿತ್ತು. ಬೆಳ್ತಂಗಡಿಯಲ್ಲಿ ಕಿವಿಯ ಶಿಬಿರ ಉಂಟು, ಹೋಗಿ ತೋರಿಸುವ ಅಂತ ಎರಡು ಸಲ ಹೇಳಿದಳು. ಎರಡನೆಯ ಸಲ ನಾನು ಅವಳ ಮೇಲೆ ಹಾರಿ ಬಿದ್ದೆ. ‘ಕಿವಿಗೆ ಮಿಶನ್ ಸಿಕ್ಕಿಸಿಕೊಂಡು ನಾಟಕ ನೋಡಿ ಬಂದೆ ಅಂದರೆ ಯಾರು ಮಾರಾಯ್ತಿ ನಂಬುವುದು?’ ಅಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಹಾಗಾದರೆ ನಾಟಕ ಹೇಗೆ ನೋಡುತ್ತಿದ್ದಿರಿ ಅಂತ ನೀವು ಕೇಳಬಹುದು. ನಾನು ನಾಟಕ ನೋಡುವುದೇ ಬಿಟ್ಟಿದ್ದೆ, ಜನರನ್ನು ನೋಡುತ್ತಿದ್ದೆ. ಕೊನೆಯ ಸಾಲಿನಲ್ಲಿ ಕುಳಿತವನಿಗೆ ಎಲ್ಲರ ಬೆನ್ನು ಕಾಣುತ್ತದೆ. ನಗುವವರ ಹೆಗಲು ಕುಣಿಯುತ್ತದೆ. ಬೇಸರ ಬಂದವ ಕುರ್ಚಿಯಲ್ಲಿ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಹೊರಳುತ್ತಾನೆ, ಚರ್ಮುರಿ ತಿನ್ನಲು ಎದ್ದು ಹೋಗುತ್ತಾನೆ. ನಮ್ಮ ಸಂಘ ಕರೆಸುತ್ತಿದ್ದದ್ದು ಎಲ್ಲಾ ತುಳು ಹಾಸ್ಯ ನಾಟಕಗಳು. ನೂರು ಜನರ ಹೆಗಲು ನೋಡಿದರೆ ಸಾಕು, ನಾಟಕ ಎಂಥದ್ದು ಅಂತ ಗೊತ್ತಾಗುತ್ತಿತ್ತು. ನಾಲ್ಕು ವರ್ಷ ಒಂದೂ ತಪ್ಪಲಿಲ್ಲ. ಇದೊಂದು ವಿದ್ಯೆ ಅಂತಲೇ ನಾನು ತಿಳಿದಿದ್ದೆ.

ಕಳೆದ ವರ್ಷ ಸಂಘದ ಕಾರ್ಯದರ್ಶಿ ಬಾಸಿತ್ ಹೊಸ ಸುದ್ದಿ ತಂದ. ಕಕ್ಕಿಂಜೆ ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟವ ಅವನು, ಒಳ್ಳೆಯ ಹುಡುಗ. ‘ಪ್ರತಿ ವರ್ಷ ಅದೇ ಕುಡುಕ, ಅದೇ ಅತ್ತೆ ಸೊಸೆ. ಈ ಸಲ ಬೇರೆ ಎಂತಾದರೂ ಮಾಡುವ’ ಅಂದ. ಮೂಡುಬಿದಿರೆಯಲ್ಲಿ ವಸುಧಾ ಅಂತ ಒಬ್ಬಳು ಸಂಗೀತದ ಟೀಚರ್ ಇದ್ದಾಳಂತೆ. ಅವಳು ಹನ್ನೆರಡು ಹೆಂಗಸರನ್ನು ಸೇರಿಸಿ ಒಂದು ಸಂಗೀತ ನಾಟಕ ಕಟ್ಟಿದ್ದಾಳಂತೆ. ಹೆಸರು ‘ಸಾವಿರ ಬೀಡಿ’. ಬೀಡಿ ಕಟ್ಟುವ ಹೆಂಗಸರ ಕಥೆ, ಮಾತು ಕಡಿಮೆ, ಹಾಡೇ ಹೆಚ್ಚು. ತಂಡ ಹೊಸದು, ಈಗಷ್ಟೇ ಎರಡು ಮೂರು ಊರಿನವರು ಕೇಳಿದ್ದಾರೆ. ನಾವು ಒಪ್ಪಿದರೆ ಈ ಕಡೆಯ ಸಂಘಗಳೆಲ್ಲ ಒಪ್ಪುತ್ತವೆ ಅಂತ ಬಾಸಿತ್ ಹೇಳಿದ. ಅಧ್ಯಕ್ಷ ಹರಿಪ್ರಸಾದ್ ನನ್ನ ಮುಖ ನೋಡಿ, ‘ಚಿನ್ನಯ್ಯಣ್ಣ, ನೀವೊಮ್ಮೆ ನೋಡಿ ಬನ್ನಿ’ ಅಂದರು.

ಹಾಡಿನ ನಾಟಕಕ್ಕೆ ಜನರ ಹೆಗಲು ನೋಡಿದರೆ ಸಾಲದು, ಕಿವಿಯೇ ಬೇಕು. ‘ನನಗೆ ಆಗುವುದಿಲ್ಲ, ಬೇರೆ ಯಾರನ್ನಾದರೂ ಕಳಿಸಿ’ ಅಂತ ಅಲ್ಲೇ ಹೇಳಬಹುದಿತ್ತು. ಹೇಳಿದ್ದರೆ ಇವತ್ತು ಈ ಕಥೆ ಇಲ್ಲ. ‘ಆಯಿತು, ನೋಡಿ ಬರುತ್ತೇನೆ’ ಅಂದೆ.

ಮನೆಗೆ ಬಂದು ಪೂವಮ್ಮನಿಗೆ ಹೇಳಿದರೆ ಅವಳ ಮುಖ ಅರಳಿತು. ಮದುವೆಯಾಗಿ ಬಂದ ವರ್ಷದಿಂದ ಬೀಡಿ ಕಟ್ಟಿದವಳು ಅವಳು. ತೊಡೆಯ ಮೇಲೆ ತಡ್ಪೆ ಅಂತ ನಾವು ಹೇಳುವ ಮೊರ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು, ಕತ್ತರಿ. ನಲವತ್ತು ವರ್ಷ ಅದೇ. ನಾನು ಎಲ್ಲೆಲ್ಲಿಯೋ ನಾಟಕ ನೋಡುತ್ತಾ ತಿರುಗುವಾಗ ಅವಳು ಮನೆಯಲ್ಲಿ ಕುಳಿತು ನಾಳೆ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡಬೇಕಾದ ಬೀಡಿ ಮುಗಿಸುತ್ತಿದ್ದಳು. ‘ನಮ್ಮ ಬಗ್ಗೆ ನಾಟಕವಾ? ನಮ್ಮ ಬಗ್ಗೆ ಯಾರು ನಾಟಕ ಮಾಡುತ್ತಾರೆ?’ ಅಂತ ನಾಲ್ಕು ಸಲ ಕೇಳಿದಳು. ಮಾರನೆಯ ದಿನ ಬ್ರಾಂಚಿನಲ್ಲಿ ಎಲ್ಲರಿಗೂ ಹೇಳಿ ಬಂದಳು. ಆಯಿಶಮ್ಮ ಅಂತ ಅವಳ ಜೊತೆಯವಳು ಇನ್ನೊಂದು ಸುದ್ದಿ ಕೊಟ್ಟಳಂತೆ. ಆಯಿಶಮ್ಮನ ತಂಗಿ ಮೂಡುಬಿದಿರೆಯಲ್ಲಿ ಇರುವುದು. ಆ ನಾಟಕದಲ್ಲಿ ಕತ್ತರಿಗಳೇ ಹಾಡುವ ಒಂದು ಜಾಗ ಉಂಟು, ಕೇಳಿದರೆ ಮೈ ಜುಂ ಅನ್ನುತ್ತದೆ ಅಂತ ತಂಗಿ ಹೇಳಿದ್ದಳಂತೆ. ‘ನೀವು ಆಗಬಹುದು ಅಂದರೆ ನಮ್ಮ ಶಾಲೆಯ ಮೈದಾನದಲ್ಲೇ ನೋಡಬಹುದಲ್ಲ. ಬ್ರಾಂಚಿನವರೆಲ್ಲ ಒಟ್ಟಿಗೆ ಕುಳಿತುಕೊಳ್ಳುವ ಅಂತ ಮಾಡಿದ್ದೇವೆ’ ಅಂದಳು. ಅವಳು ನನ್ನ ಹತ್ತಿರ ಒಂದು ನಾಟಕಕ್ಕೆ ಶಿಫಾರಸು ಮಾಡಿದ್ದು ಅದೇ ಮೊದಲು. ಕತ್ತರಿಯ ಮಾತು ಆಗ ನನ್ನ ತಲೆಗೆ ಹತ್ತಲಿಲ್ಲ.

ಭಾನುವಾರ ಮೂರು ಗಂಟೆಗೆ ಮೂಡುಬಿದಿರೆಯ ಒಂದು ಸಭಾಭವನದಲ್ಲಿ ನಾಟಕ. ಗುರುವಾಯನಕೆರೆ, ವೇಣೂರು ದಾರಿಯಲ್ಲಿ ಹೋದೆ. ಜನ ಸುಮಾರು ಇನ್ನೂರು ಇದ್ದರು. ವಸುಧಾಳಿಗೆ ಯಾರೋ ಸುದ್ದಿ ಕೊಟ್ಟಿರಬೇಕು, ಓಡಿ ಬಂದು ಕೈಮುಗಿದಳು. ಮೂವತ್ತೈದರ ಒಳಗಿನ ಹೆಂಗಸು, ಹಣೆಯಲ್ಲಿ ಬೆವರು. ಮುಂದಿನ ಸಾಲಿಗೆ ಕರೆದಳು. ನಾನು ಕೈ ಅಡ್ಡ ಮಾಡಿ ಹಿಂದೆಯೇ ಕುಳಿತೆ. ಚಹಾ ತಂದರು, ಅದನ್ನೂ ಬೇಡ ಅಂದೆ. ಆ ಹೊತ್ತಿನಲ್ಲಿ ನನ್ನ ಗತ್ತು ನೀವು ನೋಡಬೇಕಿತ್ತು.

ಶುರುವಿನಲ್ಲಿ ತೊಂದರೆ ಆಗಲಿಲ್ಲ. ಚೆಂಡೆ ಬಾರಿಸಿದರು, ಅದು ನನಗೆ ಎದೆಯಲ್ಲೇ ಗೊತ್ತಾಗುತ್ತದೆ. ಒಬ್ಬಳು ಎಲೆ ತರಲು ಬ್ರಾಂಚಿಗೆ ಹೋದಳು, ಬ್ರಾಂಚಿನವ ಬೈದ, ಜನ ನಕ್ಕರು. ಆಮೇಲೆ ದೀಪ ಸಣ್ಣದಾಯಿತು. ಹನ್ನೆರಡು ಹೆಂಗಸರು ಸಾಲಾಗಿ ಬಂದು ತೊಡೆಯ ಮೇಲೆ ತಡ್ಪೆ ಇಟ್ಟು ಕುಳಿತರು. ಚೆಂಡೆಯವ ಕೋಲು ಕೆಳಗಿಟ್ಟ. ಹಾರ್ಮೋನಿಯಂನವ ಕೈ ಮಡಚಿ ಕುಳಿತ. ಮೈಕು ಕೂಡ ಬದಿಗೆ ಸರಿಸಿದರು. ಹೆಂಗಸರು ಎಲೆ ಕತ್ತರಿಸಲು ಶುರು ಮಾಡಿದರು. ಬಾಯಿ ಅಲ್ಲಾಡುವುದಿಲ್ಲ. ಎದ್ದು ಓಡಾಡುವುದಿಲ್ಲ. ಕೈ ಮಾತ್ರ ಆಡುತ್ತಿತ್ತು. ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ. ಇದೆಂಥ ಅವಸ್ಥೆ ಅಂತ ನಾನು ಜನರನ್ನು ನೋಡಿದೆ. ಒಬ್ಬನ ಹೆಗಲೂ ಅಲ್ಲಾಡುತ್ತಿಲ್ಲ. ಸುಮಾರು ಜನ ತಲೆ ತಗ್ಗಿಸಿದ್ದರು. ಒಬ್ಬಳು ಸೆರಗಿನಿಂದ ಮುಖ ಒರೆಸಿಕೊಂಡಳು, ಸೆಖೆಗೆ ಅಂತ ನಾನು ಎಣಿಸಿದೆ. ಎಲ್ಲರಿಗೂ ನಿದ್ದೆ ಹತ್ತಿದೆ, ಮುಗಿಯಿತು ಈ ನಾಟಕದ ಕಥೆ ಅಂದುಕೊಂಡೆ.

ಸುಳ್ಳು ಹೇಳುವುದಿಲ್ಲ. ನಡುವಿನಲ್ಲಿ ಒಂದು ಸಂಶಯ ಬಂತು. ಇಲ್ಲಿ ಎಂತದೋ ಕೇಳಿಸುತ್ತಿದೆ, ನನಗೆ ಮಾತ್ರ ಇಲ್ಲ ಅಂತ. ಬಲಗೈ ತಾನಾಗಿ ಕಿವಿಯ ಹಿಂದೆ ಹೋಯಿತು. ಪಕ್ಕದಲ್ಲಿ ಕುಳಿತಿದ್ದ ಗಂಡಸು ನನ್ನ ಕಡೆ ತಿರುಗಿದ. ಕೂಡಲೇ ಆ ಕೈಯನ್ನು ತಲೆಗೆ ಒಯ್ದು ಕೂದಲು ಕೆರೆದುಕೊಂಡೆ. ‘ಎಂತ ಶಬ್ದ ಬರುತ್ತಾ ಉಂಟು?’ ಅಂತ ಅವನ ಹತ್ತಿರ ಕೇಳಿದ್ದರೆ ಅವನು ಹೇಳುತ್ತಿದ್ದ. ಅವನಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ. ಗೊತ್ತಿಲ್ಲದವನ ಎದುರು ಕೂಡ ನನಗೆ ಮರ್ಯಾದೆ ಅಡ್ಡ ಬಂತು.

ನಾಟಕ ಮುಗಿದ ಮೇಲೆ ವಸುಧಾ ಬಾಗಿಲಲ್ಲಿ ಸಿಕ್ಕಿದಳು. ಎಂತೆಂತದೋ ಕೇಳಿದಳು, ಸುತ್ತ ಗಲಾಟೆ, ನನಗೆ ಅರ್ಧವೂ ತಿಳಿಯಲಿಲ್ಲ. ‘ಕಮಿಟಿಗೆ ಹೇಳುತ್ತೇನೆ’ ಅಂತ ಹೇಳಿ ಬಸ್ಸಿಗೆ ನಡೆದೆ.

ಮನೆಗೆ ಬಂದಾಗ ಪೂವಮ್ಮ ಜಗಲಿಯಲ್ಲಿ ತಡ್ಪೆ ಇಟ್ಟುಕೊಂಡು ಎಲೆ ಕತ್ತರಿಸುತ್ತಿದ್ದಳು. ನಾನು ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡಲಿಲ್ಲ. ಮುಖ ನನ್ನ ಕಡೆ ಎತ್ತಿ ಕೇಳಿದಳು. ‘ಕತ್ತರಿಗಳು ಹಾಡಿದವಾ?’

ನಾನು ಅವಳ ಕೈ ನೋಡಿದೆ. ನಾಲ್ಕು ಮಾರು ದೂರದಲ್ಲಿ ಕತ್ತರಿ ಬಾಯಿ ತೆರೆದು ಮುಚ್ಚುತ್ತಿದೆ, ಎಲೆಯ ತುಂಡುಗಳು ಬೀಳುತ್ತಿವೆ. ಒಂದು ಚೂರು ಶಬ್ದ ಇಲ್ಲ. ಈ ಮನೆಯಲ್ಲಿ ನಲವತ್ತು ವರ್ಷ ನಾನು ಆ ಕತ್ತರಿಯ ಶಬ್ದದಲ್ಲೇ ಮಧ್ಯಾಹ್ನ ಮಲಗಿ ಎದ್ದವ. ಅದು ಯಾವಾಗ ನಿಂತಿತು ಅಂತಲೂ ನನಗೆ ಗೊತ್ತಿಲ್ಲ! ಆ ಕ್ಷಣದಲ್ಲಿ ಎಲ್ಲ ತಿಳಿಯಿತು. ಹನ್ನೆರಡು ಹೆಂಗಸರು ಸುಮ್ಮನೆ ಕುಳಿತದ್ದಲ್ಲ. ಜನ ನಿದ್ದೆ ಮಾಡಿದ್ದೂ ಅಲ್ಲ. ಸೆರಗಿನಲ್ಲಿ ಒರೆಸಿಕೊಂಡದ್ದು ಬೆವರೂ ಅಲ್ಲ.

ಅಲ್ಲಿ ಇದ್ದದ್ದು ನಾವಿಬ್ಬರೇ. ‘ನನಗೆ ಕೇಳಲಿಲ್ಲ ಪೂವಮ್ಮ’ ಅಂದಿದ್ದರೆ ಮುಗಿಯುತ್ತಿತ್ತು. ಅವಳು ನಗುತ್ತಲೂ ಇರಲಿಲ್ಲ, ಊರಿಗೆ ಹೇಳುತ್ತಲೂ ಇರಲಿಲ್ಲ. ನಾನು ಎಂತ ಹೇಳಿದೆ ಗೊತ್ತುಂಟಾ? ‘ಅಂಥದ್ದೇನೂ ಇಲ್ಲ. ಆಯಿಶಮ್ಮನ ತಂಗಿ ಬುರುಡೆ ಬಿಟ್ಟಿದ್ದಾಳೆ’ ಅಂದೆ. ಅವಳು ತಡ್ಪೆಗೆ ಬಗ್ಗಿ ಇನ್ನೊಂದು ಎಲೆ ಎತ್ತಿಕೊಂಡಳು.

ಎರಡು ದಿನ ಬಿಟ್ಟು ಕಮಿಟಿ ಸೇರಿತು. ಆ ಎರಡು ದಿನ ನನಗೆ ಅನ್ನ ಸೇರಲಿಲ್ಲ ಅಂತ ಹೇಳಿದರೆ ಅದೂ ಸುಳ್ಳು. ಸರಿಯಾಗಿ ತಿಂದೆ. ‘ಆಗಬಹುದು’ ಅಂತ ಸುಮ್ಮನೆ ಹೇಳಿಬಿಡುವ ಅಂತಲೂ ಯೋಚನೆ ಬಂತು. ಆದರೆ ಒಳಗೊಳಗೆ ಹೆದರಿಕೆ. ಒಪ್ಪಿದರೆ ಯಾಕೆ ಒಪ್ಪಿದಿರಿ, ಹಾಡು ಹೇಗಿತ್ತು, ಯಾವ ಹಾಡು ಚಂದ ಅಂತ ಕೇಳುತ್ತಾರೆ. ನಾನು ಎಂತ ಹೇಳಲಿ? ಬೇಡ ಅಂದರೆ ಯಾರೂ ಹೆಚ್ಚು ಕೇಳುವುದಿಲ್ಲ. ಹಾಗಾಗಿ ಎದ್ದು ನಿಂತು ‘ಬೇಡ’ ಅಂದೆ.

ಬಾಸಿತ್ ಬಿಡಲಿಲ್ಲ. ಅವನ ತಂಗಿ ಫಾಯಿಝಾಳಿಗೆ ಯಾರೋ ಅದರ ವಿಡಿಯೋ ತುಂಡು ಕಳಿಸಿದ್ದರಂತೆ. ‘ಭಾರಿ ಉಂಟಂತಲ್ಲ ಚಿನ್ನಯ್ಯಣ್ಣ, ಕತ್ತರಿಯ ಒಂದು ಸೀನು—’ ಅಂತ ಅವನ ತುಟಿ ಹೊರಟದ್ದೇ ನನ್ನ ಮಂಡೆ ಬಿಸಿಯಾಯಿತು. ಬಸ್ ಸ್ಟ್ಯಾಂಡಿನ ಸ್ವರ ತೆಗೆದೆ. ‘ನೋಡಿ ಬಂದವ ನಾನಾ, ನೀನಾ? ಹತ್ತು ನಿಮಿಷ ಹೆಂಗಸರು ಸುಮ್ಮನೆ ಕುಳಿತಿದ್ದಾರೆ. ಹಾಡಿಲ್ಲ, ಮಾತಿಲ್ಲ, ಕುಣಿತ ಇಲ್ಲ. ಜನ ತೂಕಡಿಸುತ್ತಿದ್ದರು. ಅದನ್ನು ಇಲ್ಲಿಗೆ ತಂದರೆ ನಾಳೆ ಸಂಘದ ಮರ್ಯಾದೆ ಹೋದೀತು. ಹೋದರೆ ನನ್ನ ಹತ್ತಿರ ಬರಬೇಡಿ!’ ಬಾಸಿತ್ ತಲೆ ತಗ್ಗಿಸಿದ. ಇಪ್ಪತ್ತೆರಡು ವರ್ಷದ ಮಾತಿನ ಎದುರು ಅವನ ಎರಡು ನಿಮಿಷದ ವಿಡಿಯೋ ನಿಲ್ಲಲಿಲ್ಲ. ಹರಿಪ್ರಸಾದರು ಬಹಳ ಕ್ರಮದ ಮನುಷ್ಯ. ಬೇಡ ಅನ್ನುವಾಗ ಕಾರಣ ಕೊಡಬೇಕು ಅಂತ ನಾನು ಹೇಳಿದ್ದನ್ನೆಲ್ಲ ಚಂದ ಮಾಡಿ ಬರೆದು ವಸುಧಾಳಿಗೆ ವಾಟ್ಸಾಪ್ ಕಳಿಸಿದರು. ಆ ವರ್ಷಕ್ಕೆ ಮತ್ತೆ ಕುಡುಕನ ನಾಟಕಕ್ಕೇ ವೀಳ್ಯ ಹೋಯಿತು.

ಅದರ ನಂತರದ್ದು ಇನ್ನೂ ಹೇಸಿಗೆ. ವಾರದೊಳಗೆ ಉಜಿರೆಯಿಂದ ಫೋನು. ಮತ್ತೆ ಪುಂಜಾಲಕಟ್ಟೆಯಿಂದ, ವೇಣೂರಿನಿಂದ. ‘ಸಾವಿರ ಬೀಡಿ ಹೇಗೆ, ಚಿನ್ನಯ್ಯಣ್ಣ ಎಂತ ಹೇಳಿದರು?’ ಫೋನು ಎತ್ತುವುದು ಪೂವಮ್ಮ. ನಾನು ಎದುರು ಕುಳಿತು ಕೈ ಅಡ್ಡ ಆಡಿಸುವುದು. ಅವಳು ಫೋನಿಗೆ ‘ಬೇಡವಂತೆ’ ಅನ್ನುವುದು. ಯಾವ ನಾಟಕ ಒಂದು ಸಲ ನೋಡಬೇಕು ಅಂತ ಅವಳು ಆಸೆ ಪಟ್ಟಿದ್ದಳೋ ಅದಕ್ಕೆ ಅವಳ ಬಾಯಿಂದಲೇ ಬೇಡ ಹೇಳಿಸಿದೆ. ಒಂದು ಸಲ ಅಲ್ಲ, ಮೂರು ಸಲ. ಮೂರನೆಯ ಸಲ ಫೋನು ಇಟ್ಟ ಮೇಲೆ ಅವಳು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಟಿವಿ ಹಾಕಿ ಕುಳಿತೆ.

ಬಂಟ್ವಾಳದ ಒಂದು ಮಹಿಳಾ ಮಂಡಲದವರು ಮಾತ್ರ ನನ್ನನ್ನು ಕೇಳಿರಲಿಲ್ಲ. ಅವರು ಮೊದಲೇ ವೀಳ್ಯ ಕೊಟ್ಟಾಗಿತ್ತು, ದಿನ ಬದಲಾಯಿಸಲಿಲ್ಲ. ಅದರ ಸುದ್ದಿಯೂ ಬ್ರಾಂಚಿಗೆ ಬಂತು. ಒಂದು ಶನಿವಾರ ಪೂವಮ್ಮ ಹೇಳಿದಳು, ‘ನಾವು ಏಳು ಜನ ಬಂಟ್ವಾಳಕ್ಕೆ ಹೋಗುತ್ತೇವೆ. ಸರಕಾರಿ ಬಸ್ಸಿನಲ್ಲಿ ಈಗ ಹೆಂಗಸರಿಗೂ ಟಿಕೆಟ್ ಇಲ್ಲ, ನಿಮಗೊಬ್ಬರಿಗೆ ಮಾತ್ರ ಅಲ್ಲ. ನೀವೂ ಬನ್ನಿ.’ ಬರುವುದಿಲ್ಲ ಅನ್ನಲು ನನಗೆ ಒಂದು ನೆವ ಸಿಗಲಿಲ್ಲ. ಒಳಗೆ ಒಂದು ಆಸೆಯೂ ಇತ್ತು. ಅವಳಾದರೂ ಒಮ್ಮೆ ಕೇಳಲಿ, ಕೇಳಿ ಬಂದ ಮೇಲೆ ನನಗೆ ಎರಡು ಬೈಗುಳ ಬೈಯಲಿ, ಅಲ್ಲಿಗೆ ಮುಗಿಯಲಿ ಅಂತ. ಬ್ರಾಂಚಿನ ಹೆಂಗಸರು ದಾರಿಯುದ್ದಕ್ಕೂ ಗಮ್ಮತ್ತು ಮಾಡಿದರು. ಆಯಿಶಮ್ಮ ಹೊಸ ಶಾಲು ಹೊದ್ದು ಬಂದಿದ್ದಳು. ಪೂವಮ್ಮ ಮಗಳ ಮದುವೆಗೆ ಉಟ್ಟ ಸೀರೆ ಉಟ್ಟಿದ್ದಳು.

ಈ ಸಲ ನಾನು ಕೊನೆಯ ಸಾಲಿಗೆ ಹೋಗಲಿಲ್ಲ, ಅವಳ ಪಕ್ಕದಲ್ಲೇ ಕುಳಿತೆ. ಚೆಂಡೆ ಆಯಿತು. ಬ್ರಾಂಚಿನವ ಬೈದ, ನಮ್ಮ ಏಳು ಹೆಂಗಸರು ಬಿದ್ದು ಬಿದ್ದು ನಕ್ಕರು. ದೀಪ ಸಣ್ಣದಾಯಿತು. ಹನ್ನೆರಡು ಜನ ಸಾಲಾಗಿ ಬಂದರು. ಪೂವಮ್ಮ ಆಯಿಶಮ್ಮನ ಕೈ ಹಿಡಿದುಕೊಂಡಳು. ನಾನು ವೇದಿಕೆ ಬಿಟ್ಟು ಪೂವಮ್ಮನ ಮುಖವನ್ನೇ ನೋಡುತ್ತಾ ಕುಳಿತೆ.

ಅಷ್ಟರಲ್ಲಿ ಧಡ ಧಡ ಅಂತ ಚೆಂಡೆ ನನ್ನ ಎದೆಗೆ ಬಡಿಯಿತು. ತಿರುಗಿ ನೋಡಿದರೆ ದೀಪ ಜಗ್ ಅಂತ ಹತ್ತಿದೆ. ಹೆಂಗಸರು ತಡ್ಪೆಯನ್ನು ತಲೆಯ ಮೇಲೆ ಎತ್ತಿ ಸುತ್ತು ಹಾಕಿ ಕುಣಿಯುತ್ತಿದ್ದಾರೆ. ಹಾರ್ಮೋನಿಯಂನವನ ಕೈ ಓಡುತ್ತಿದೆ. ಎಲ್ಲರ ಎದುರಿಗೂ ಮೈಕು. ಕತ್ತರಿ ಒಬ್ಬಳ ಕೈಯಲ್ಲೂ ಇಲ್ಲ. ಪೂವಮ್ಮ ಕಾದಳು. ಇನ್ನು ಬರುತ್ತದೆ, ಇನ್ನು ಬರುತ್ತದೆ ಅಂತ ಕುತ್ತಿಗೆ ಉದ್ದ ಮಾಡಿ ಕಾದಳು. ನಾಟಕ ಮುಗಿದು ಎಲ್ಲರೂ ಸಾಲಾಗಿ ನಿಂತು ಕೈಮುಗಿದರು. ಅವಳು ಆಯಿಶಮ್ಮನ ಕಡೆ ತಿರುಗಿ ‘ಕತ್ತರಿದ್ದು ಎಲ್ಲಿ?’ ಅಂದಳು. ಆಯಿಶಮ್ಮನಿಗೂ ಗೊತ್ತಿರಲಿಲ್ಲ.

ಹೊರಗೆ ಅಂಗಳದಲ್ಲಿ ವಸುಧಾ ನನ್ನನ್ನು ಕಂಡು ನೇರ ಬಂದಳು. ಎರಡು ತಿಂಗಳಲ್ಲಿ ತುಂಬಾ ಇಳಿದಿದ್ದಳು. ಕೈಮುಗಿದು ಕನ್ನಡದಲ್ಲಿ ವೇಗವಾಗಿ ಮಾತಾಡಿದಳು. ಗಲಾಟೆ ಇತ್ತು, ನನಗೆ ಒಂದಕ್ಷರ ಸಿಗಲಿಲ್ಲ. ರೂಢಿಯಂತೆ ತಲೆ ಆಡಿಸಿದೆ. ಪೂವಮ್ಮ ನನ್ನ ಬಲಗಡೆಗೆ ಬಂದು ಕಿವಿಯ ಹತ್ತಿರ ಬಾಯಿ ತಂದಳು. ನಾಲ್ಕು ಜನರ ಎದುರು ಅವಳು ಹಾಗೆ ಮಾಡಿದ್ದು ಅದೇ ಮೊದಲು.

‘ನೀವು ಹೇಳಿದ್ದಕ್ಕೆ ಕತ್ತರಿದ್ದನ್ನು ತೆಗೆದು ಹಾಕಿದರಂತೆ’ ಅಂತ ಜೋರಾಗಿ ಹೇಳಿದಳು.

ವಸುಧಾ ಮತ್ತೆ ಏನೋ ಹೇಳಿದಳು. ಪೂವಮ್ಮ ಒಂದೊಂದೇ ಮಾತು ನನ್ನ ಕಿವಿಗೆ ಹಾಕಿದಳು. ಚಿನ್ನಯ್ಯಣ್ಣ ಸಂಗೀತ ತಿಳಿದವರು, ಇಷ್ಟು ವರ್ಷ ನಾಟಕ ನೋಡಿದವರು, ಇವರಿಗೇ ಬೇಸರ ಬಂದದ್ದಾದರೆ ತಮ್ಮಲ್ಲೇ ತಪ್ಪಿರಬೇಕು ಅಂತ ಎಣಿಸಿದರಂತೆ. ನಾಟಕ ಕಟ್ಟುವಾಗ ಐದು ತಿಂಗಳು ಆ ಕತ್ತರಿಯ ಹಾಡೊಂದಕ್ಕೇ ಕುಳಿತಿದ್ದರಂತೆ. ಹನ್ನೆರಡು ಮನೆಗಳಿಂದ ಹನ್ನೆರಡು ಹಳೆಯ ಕತ್ತರಿ ತಂದು, ಒಂದೊಂದರ ಸ್ವರ ಬೇರೆ ಅಂತ ಹುಡುಕಿ, ಅದನ್ನು ಸಾಲು ಮಾಡಿ ಹಾಡು ಮಾಡಿದ್ದರಂತೆ. ಆ ಹನ್ನೆರಡು ಜನರಲ್ಲಿ ಎಂಟು ಜನ ನಿಜವಾಗಿ ಬೀಡಿ ಕಟ್ಟುವವರು. ಅದನ್ನು ತೆಗೆಯುವಾಗ ಅವರು ಅತ್ತರಂತೆ. ತೆಗೆದ ಮೇಲೂ ಯಾರೂ ಕರೆಯಲಿಲ್ಲ, ಇವತ್ತಿನದ್ದೇ ಕೊನೆಯ ಪ್ರದರ್ಶನ, ಕತ್ತರಿಗಳನ್ನೆಲ್ಲ ಅವರವರ ಮನೆಗೆ ವಾಪಸ್ ಕೊಟ್ಟಾಯಿತು. ‘ಈಗಲಾದರೂ ಸರಿ ಇತ್ತಾ ಅಂತ ಕೇಳುತ್ತಿದ್ದಾಳೆ’ ಅಂತ ಪೂವಮ್ಮ ಮುಗಿಸಿದಳು. ಅವಳ ಸ್ವರದಲ್ಲಿ ಏನಿತ್ತೋ ನನಗೆ ಗೊತ್ತಾಗಲಿಲ್ಲ. ಅವಳ ಕಣ್ಣು ಮಾತ್ರ ನನ್ನ ಮೇಲಿಂದ ಕದಲಲಿಲ್ಲ.

ವಸುಧಾ ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಅವಳ ಹಿಂದೆ ಬಣ್ಣ ಅರ್ಧ ಒರೆಸಿದ ಹೆಂಗಸರು ಬಂದು ನಿಂತಿದ್ದರು, ಅವರೂ ಕಾಯುತ್ತಿದ್ದರು. ನಮ್ಮ ಬ್ರಾಂಚಿನವರು ಇನ್ನೊಂದು ಬದಿ. ಭೂಮಿ ಬಾಯಿ ಬಿಟ್ಟರೆ ಇಳಿದು ಹೋಗುತ್ತಿದ್ದೆ. ‘ಸರಿ ಇತ್ತು’ ಅಂತ ಒಂದು ಮಾತು ಹೇಳಿದರೆ ಇನ್ನೂ ತಪ್ಪಿಸಿಕೊಳ್ಳಬಹುದು ಅಂತ ಆ ಹೊತ್ತಿನಲ್ಲೂ ನನ್ನ ಹಾಳು ತಲೆಗೆ ಬಂತು. ಮುಖ ಇಲ್ಲದವನಿಗೆ ಮರ್ಯಾದೆಯ ಯೋಚನೆ ಬೇರೆ.

‘ನನಗೆ ಕಿವಿ ಕೇಳುವುದಿಲ್ಲ’ ಅಂದೆ. ಮೆಲ್ಲಗೆ ಹೇಳಿದೆ ಅಂತ ನಾನು ಎಣಿಸಿದ್ದು. ಅಂಗಳದಲ್ಲಿ ಇದ್ದವರೆಲ್ಲ ತಿರುಗಿದರು, ಚರ್ಮುರಿಯವನೂ ಕೈ ನಿಲ್ಲಿಸಿ ನೋಡಿದ. ಬಸ್ಸಿಗೆ ಕರೆಯುವ ಸ್ವರದಲ್ಲೇ ಹೇಳಿದ್ದಿರಬೇಕು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ‘ನಾಲ್ಕು ವರ್ಷ ಆಯಿತು. ಆ ದಿನ ಕತ್ತರಿಯ ಶಬ್ದ ನನಗೆ ಕೇಳಲೇ ಇಲ್ಲಮ್ಮ. ಕೇಳಲಿಲ್ಲ ಅಂತ ಹೇಳಲಿಕ್ಕೆ ನಾಚಿಕೆ ಆಗಿ ನಿಮ್ಮ ನಾಟಕ ಸರಿ ಇಲ್ಲ ಅಂದೆ. ತಪ್ಪು ನನ್ನದು. ನಿಮ್ಮದಲ್ಲ.’

ವಸುಧಾಳ ಹಿಂದಿನ ಹೆಂಗಸರಲ್ಲಿ ಒಬ್ಬಳು ನೆಲಕ್ಕೆ ಕುಳಿತುಬಿಟ್ಟಳು. ಆಮೇಲೆ ವಸುಧಾ ಒಂದು ಮಾತು ಹೇಳಿದಳು. ಸಣ್ಣ ಮಾತು, ಮೂರು ನಾಲ್ಕು ಶಬ್ದ ಇದ್ದೀತು. ಕೈ ಮುಗಿಯಲಿಲ್ಲ. ಮುಖ ತಿರುಗಿಸಿಕೊಂಡು ಹೇಳಿದ್ದರಿಂದ ತುಟಿಯೂ ನನಗೆ ಕಾಣಲಿಲ್ಲ. ಹೇಳಿ ತನ್ನವರನ್ನು ಕರೆದುಕೊಂಡು ಒಳಗೆ ಹೋದಳು.

ನಾನು ಪೂವಮ್ಮನ ಕಡೆ ಬಲಗಿವಿ ಬಗ್ಗಿಸಿದೆ. ‘ಎಂತ ಹೇಳಿದಳು?’

ಪೂವಮ್ಮ ಸೆರಗು ಸರಿ ಮಾಡಿಕೊಂಡು ಬಸ್ಸಿನ ಕಡೆ ನಡೆದಳು. ಬಸ್ಸಿನಲ್ಲಿ ಕೇಳಿದೆ, ಕಿಟಕಿಯಿಂದ ಹೊರಗೆ ನೋಡಿದಳು. ಮನೆಗೆ ಬಂದು ಕೇಳಿದೆ. ಮರುದಿನ ಹರಿಪ್ರಸಾದರಿಗೂ ಬಾಸಿತ್‌ಗೂ ಎಲ್ಲ ಒಪ್ಪಿಸಿ ಬಂದ ಮೇಲೆ, ಈಗಲಾದರೂ ಹೇಳಿಯಾಳು ಅಂತ ಕೇಳಿದೆ. ಕಿವಿಗೆ ಮಿಶನ್ ಹಾಕಿಸಿಕೊಂಡ ದಿನವೂ ಕೇಳಿದೆ. ಪೂವಮ್ಮ ಉಳಿದದ್ದೆಲ್ಲ ಹೇಳುತ್ತಾಳೆ, ಅದೊಂದು ಹೇಳುವುದಿಲ್ಲ.